ನೋಡು, ಮಾಡು

ಪುಂತಾ ಅರೆನಾಸಿನ ಬಂದರು ಕಚೇರಿ, ಎರಡನೇ ಮಹಡಿ.
ಕಿಟಕಿಯ ಗಾಜನ್ನು ಗಾಳಿ ಒಳಕ್ಕೆ ಒತ್ತುತ್ತದೆ,
ಬಿಟ್ಟಾಗ ಗಾಜು ಉಸಿರಾಡುತ್ತದೆ.
ಕೆಳಗೆ ಜಲಸಂಧಿ. ನೀರು ಏರಿದ್ದು ಇಳಿದದ್ದು
ಆರು ನಿಮಿಷಕ್ಕೊಂದು ಅಂಕಿಯಾಗಿ
ನನಗೆ ಕಳಿಸುವ ತೇಲುಗುಂಡು.

ಹನ್ನೊಂದು ವರ್ಷದ ನೀರು ಒಂದು ಡಿಸ್ಕಿನಲ್ಲಿತ್ತು.
ಓಯಾರ್ಸೊ ಅದನ್ನು ಒಂದು ಮಂಗಳವಾರ
ಊಟಕ್ಕೆ ಏಳುವ ಮೊದಲು ಅಳಿಸಿದ.

ಕೆಟ್ಟಿದ್ದು ತೇಲುಗುಂಡಿನ ಪುಟ್ಟ ಕಾರ್ಡು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ:
ಸಿ ಒತ್ತುವಲ್ಲಿ ಬಿ ಒತ್ತಿದ.
ಹುಷಾರಿನವನೇ. ಮೊದಲು ಒಣ ಅಭ್ಯಾಸ ಇರಲಿ ಎಂದು
ಎನ್ ಅಕ್ಷರವನ್ನೂ ಸೇರಿಸಿದ್ದ.
ಆದರೆ ಎನ್ ಎಂದರೆ ಒಂದು ಉಪಕರಣಕ್ಕೆ
ಕೈ ಹಚ್ಚಬೇಡ, ಬರೀ ಹೇಳು;
ಇನ್ನೊಂದಕ್ಕೆ, ಹೆಸರಿಡು.
ಅದು ಮುಂದೆ ಸಿಕ್ಕಿದ್ದನ್ನೇ ಹೆಸರೆಂದುಕೊಂಡಿತು.
ಹನ್ನೊಂದು ವರ್ಷದ ನೀರಿನ ಮೇಲೆ
ಒಂದು ಅಡ್ಡಗೆರೆ, ಒಂದು ವಿ.
ಅಳೆದದ್ದು ಅಳಿಯಿತು. ನಾಲ್ಕು ಸೆಕೆಂಡು.

ಬೈಸಿಕೊಳ್ಳಲು ನಿಂತ, ಉಣ್ಣೆಯ ಟೋಪಿ ಕೈಯಲ್ಲಿ ಹಿಂಡುತ್ತ.
ನಾನು ಕೆಟಲಿಗೆ ನೀರಿಟ್ಟೆ.

ಹತ್ತಕ್ಕೆ ಬೆಳಗಾಗುವ ಆ ಜೂನ್ ತಿಂಗಳೆಲ್ಲ
ಒಂದೇ ಬಾಗಿಲಿನ ಉಪಕರಣ ಬರೆಯುತ್ತ ಕೂತೆ.
ಡಿಸ್ಕಿನ ಒಂದೊಂದು ಜಾತಿಗೂ ಒಬ್ಬ ವೈದ್ಯ, ಒಬ್ಬಳು ಸೂಲಗಿತ್ತಿ,
ಒಬ್ಬೊಬ್ಬರದೂ ಒಂದೊಂದು ಸನ್ನೆ.
ಎಲ್ಲರನ್ನೂ ಒಂದು ಹೆಸರಿನ ಹಿಂದೆ ನಿಲ್ಲಿಸಿದೆ;
ಎನ್ ಎಂದರೆ ಇನ್ನು ಎಲ್ಲರಿಗೂ ಒಂದೇ.
ಎರಡೇ ಕ್ರಿಯಾಪದ ಉಳಿಸಿಕೊಂಡೆ:
ನೋಡು. ಮಾಡು.

ಪ್ರಾಸ ಚೆನ್ನಾಗಿದೆ ಅನ್ನಿಸಿತು. ಆಮೇಲೆ ಭಯವಾಯಿತು.

ನೋಡು ಸಾಧು. ಮುಟ್ಟದೆ ನೋಡುತ್ತದೆ.
ಓಡುತ್ತಿರುವವನ ನಾಡಿ ಹಿಡಿಯುವುದಿಲ್ಲ,
ಮೊದಲು ಕೂತುಕೋ ಅನ್ನುತ್ತದೆ.
ಮಾಡು ಹಾಗಲ್ಲ.
ಖಾಲಿ ನಿವೇಶನದಲ್ಲಿ ಕಟ್ಟುವುದಲ್ಲ ಅದು,
ಇದ್ದವರನ್ನು ಇಲ್ಲವೆಂದು ಬರೆದುಕೊಳ್ಳುವುದು.
ನೀರು ಬಹಳ ಹೊತ್ತು ಅಲ್ಲೇ ಇರುತ್ತದೆ,
ಕರೆದರೆ ಓಗೊಡಲು ಹೆಸರಿರುವುದಿಲ್ಲ.

ಹಾಗಾಗಿ ಮಾಡು ಎಂದರೆ ನನ್ನದು ಮೊದಲು ಕದ ತಟ್ಟುತ್ತದೆ.
ಒಳಗೆ ಯಾರೋ ಇದ್ದಾರೆ, ಅನ್ನುತ್ತದೆ.
ಅವರ ಜಾತಿ, ಹುಟ್ಟಿದ ದಿನ, ಎಷ್ಟು ತುಂಬಿದ್ದಾರೆ
ಎಲ್ಲ ಹೇಳಿ ಕಾಯುತ್ತದೆ.
ಹೌದು ಅಂದರೆ ಕೇಳುವುದಿಲ್ಲ.
ಅಳಿಯಲಿರುವವರ ಹೆಸರನ್ನು
ಅಕ್ಷರಕ್ಕೆ ಅಕ್ಷರ ಒತ್ತಬೇಕು,
ಗೋರಿಗಲ್ಲು ಕೆತ್ತುವವನ ಹಾಗೆ, ಕಾಗುಣಿತ ತಪ್ಪದೆ.

ಇಷ್ಟು ಕಾಟ ಯಾಕೆ ನೆವೆಂಕಾ, ಅಂದ ಓಯಾರ್ಸೊ,
ಒಂದು ವೈ ಒತ್ತಿದರೆ ಸಾಲದೆ?
ಸಾಲದು. ಬೆರಳಿಗೆ ವೈ ಬಾಯಿಪಾಠ.

ಆಗಸ್ಟಿನ ಒಂದು ರಾತ್ರಿ
ಸತ್ತ ಡಿಸ್ಕಿನ ನಕಲಿನ ಮುಂದೆ ಕೂತು
ನೋಡು, ಅಂದೆ.
ಮೊದಲ ಪುಟವೇ ಇರಲಿಲ್ಲ.
ಆದರೆ ಮೂವತ್ತೆರಡು ಸಾವಿರದ ಚಿಲ್ಲರೆ ಬ್ಲಾಕಿನಲ್ಲಿ
ಅದೇ ಪುಟದ ಇನ್ನೊಂದು ಪ್ರತಿ.
ನಮ್ಮ ಕೈಗಳ ಮೇಲೆ ನಂಬಿಕೆಯಿಲ್ಲದ
ಯಾರೋ ಹಳಬರು ಬಚ್ಚಿಟ್ಟದ್ದು.
ನಡುರಾತ್ರಿ ದಾಟುವಾಗ ತಿದ್ದು ಎಂದೂ ಅಂದೆ.
ಬೆಳಗಿನವರೆಗೆ ಸಾಲುಗಳು ಹರಿದವು.

ಅಳಿದುಳಿದವುಗಳ ಕಪಾಟಿನಲ್ಲಿ
ತಾಯಿ ಫೋಲ್ಡರ್ ಕಳೆದುಕೊಂಡ ಕಡತಗಳು,
ಹೆಸರಿಗೆ ಬದಲು ಸಂಖ್ಯೆ, ಆಸ್ಪತ್ರೆಯ ಮಂಚದಂತೆ.
ನೀರೇನೋ ಸಿಕ್ಕಿತು, ಮುಕ್ಕಾಲು ಪಾಲು.
ಯಾವ ತಿಂಗಳ ಉಬ್ಬರ, ಯಾವ ವರ್ಷದ ಇಳಿತ
ಕೇಳಬೇಡಿ.

ನಾಲ್ಕು ಸಾವಿರದ ಇನ್ನೂರ ಹನ್ನೊಂದು ತೆರೆದೆ.
ಅಂಕಿಯಲ್ಲ. ಓಯಾರ್ಸೊನ ಷರಾ:
'ಇವತ್ತು ತೇಲುಗುಂಡಿನ ಮೇಲೆ ನೀರುಕಾಗೆ ಕೂತಿತ್ತು.
ಎರಡು ಸೆಂಟಿಮೀಟರ್ ಕೂಡಿಸಿಕೊಂಡು ಓದಿ.'

ಹತ್ತಕ್ಕೆ ಬಂದ, ಟೋಪಿಯ ಹಿಮ ಕೊಡವುತ್ತ.
ಯಾವತ್ತಿನದು ಇದು ಎಂದು ಪರದೆ ತಿರುಗಿಸಿದೆ.
ಬಗ್ಗಿ ಓದಿದ. ಮತ್ತೆ ಓದಿದ.
ಕಿಟಕಿಗೆ ಹೋಗಿ ಕೆಳಗೆ ನೋಡಿ ಬಂದ.

ಎಷ್ಟೋ ಸಲ ಕೂತಿದೆ ನೆವೆಂಕಾ, ಅಂದ,
ಬರೆದದ್ದು ಒಂದು ಸಲ.