ಇಪ್ಪತ್ತೊಂಬತ್ತೂವರೆ

ಪಂಪ್‌ವೆಲ್ಲಿನ ಅಂಗಡಿಯಲ್ಲಿ ಜೋಯ್ಸನ್ ಎಂಬ ಹುಡುಗ
ಕಂಪ್ಯೂಟರ್ ಈಚೆ ತಿರುಗಿಸಿ ತೋರಿಸಿದ ನನ್ನ ಅಡುಗೆಮನೆ:
ಅದರಲ್ಲಿ ಒಂದು ಹಸಿರು ಸೇಬು, ಯಾರೂ ಇಲ್ಲ.
"ಎಲ್ಲ ಸ್ಟಾಂಡರ್ಡ್ ಮೇಡಂ, ಮೂವತ್ತನಾಲ್ಕು ಇಂಚು."

ಯಾರ ಸ್ಟಾಂಡರ್ಡ್ ಮಾರಾಯ?
ನಾಲ್ಕಡಿ ಎಂಟಿಂಚಿನವಳು ನಾನು.
ಇಪ್ಪತ್ತಾರು ವರ್ಷ, ಒಂಬತ್ತು ಮನೆ,
ಬಲ್ಮಠದ ಡಾಕ್ಟರಮ್ಮ, ಲೇಡಿಹಿಲ್ಲಿನ ವಕೀಲರು,
ನಡುವೆ ಒಂದು ಹಾಸ್ಟೆಲ್ಲು, ದಿನಕ್ಕೆ ಹನ್ನೆರಡು ಸೇರು.
ಹೋದಲ್ಲೆಲ್ಲ ಕಲ್ಲು ನನ್ನ ಎದೆಮಟ್ಟ,
ಕಲ್ಲಿನ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ,
ಕುಚ್ಚಲಕ್ಕಿ ಅರಳಿತೋ ಇಲ್ಲವೋ ನೋಡಲು
ನನಗೊಂದು ಮಣೆ ಬೇಕು.
ಹಲಸಿನ ಮಣೆ. ಮನೆ ಬದಲಾದರೆ
ಅದೂ ನನ್ನ ಜೊತೆ, ಚೀಲದಲ್ಲಿ, ಸಿಟಿ ಬಸ್ಸಿನಲ್ಲಿ.
ಕಂಡಕ್ಟರ್ ಕೇಳುವನು, "ಜಲಜಕ್ಕ, ಎಲ್ಲಿ ಮದುವೆ ಊಟ?"

ಈಗ ಕಾವೂರಿನಲ್ಲಿ ಮೂರನೇ ಮಾಳಿಗೆ,
ಹದಿನಾಲ್ಕು ವರ್ಷದ ಸಾಲ,
ಎಂಟಡಿ ಉದ್ದದ ಅಡುಗೆಮನೆ.
ವಾದಿರಾಜ ಆಚಾರ್ರು ಟೇಪು ಬಿಡಿಸಿ ಕೇಳಿದರು: ಎಷ್ಟು ಎತ್ತರ?
ಈವರೆಗೆ ಯಾರೂ ಕೇಳದ್ದು. ಬಾಯಿಗೆ ಬರಲಿಲ್ಲ.
ಗೋಡೆಯ ಪಕ್ಕ ನಿಂತು, ಮೊಣಕೈ ಮಡಚಿ,
ಗಾಳಿಯಲ್ಲಿ ಒಂದು ಈರುಳ್ಳಿ ಹೆಚ್ಚಿದೆ.
ಕೈಯ ಕೆಳಗೆ ಅವರು ಪೆನ್ಸಿಲಿನಲ್ಲಿ ಗೀಟು ಎಳೆದರು.
ಇಪ್ಪತ್ತೊಂಬತ್ತೂವರೆ.

ಇವರಿಗೆ ಸಿಟ್ಟು.
ಆರಡಿಯ ಆಳು, ಪಣಂಬೂರಿನಲ್ಲಿ ಲಾರಿ ತೂಗುವ ಕೆಲಸ,
ಸೊಂಟದ ಡಿಸ್ಕು ಜರುಗಿದೆ; ಪಾತ್ರೆ ತೊಳೆಯುವುದು ಅವರೇ,
ನಮ್ಮಲ್ಲಿ ಮೊದಲಿನಿಂದಲೂ ಹಾಗೆ.
"ನಾನು ಎಮ್ಮೆಯ ಹಾಗೆ ಬಾಗಿ ತೊಳೆಯಲಾ?"
"ನಾನು ಇನ್ನೂ ಕೋಳಿಯ ಹಾಗೆ ಹತ್ತಿ ನಿಲ್ಲಲಾ?"
ಎರಡು ದಿನ ಮಾತಿಲ್ಲ, ಗಂಜಿಗೆ ಉಪ್ಪಿನಕಾಯಿ ಮಾತ್ರ.
ಮೂರನೆಯ ದಿನ ಅವರೇ ಸೀಮೆಸುಣ್ಣ ಹಿಡಿದು
ಗೋಡೆಯ ಮೇಲೊಂದು ಮೆಟ್ಟಿಲು ಬರೆದರು:
ಒಲೆಯ ಕಡೆ ನನ್ನದು, ತೊಳೆಯುವ ಕಡೆ ಅವರದು,
ನಡುವೆ ಆರೂವರೆ ಇಂಚು.

"ಜೋಡಣೆಯಲ್ಲಿ ನೀರು ಇಳಿಯುತ್ತದೆ, ಆಮೇಲೆ ನನಗೆ ಬಯ್ಯಬೇಡಿ,"
ಎಂದ ಕಾರ್ಕಳದ ಕರಿಕಲ್ಲು ಹೊತ್ತು ತಂದ ರಜಾಕ್.
"ಮಾರುವಾಗ ಇಂಥದ್ದನ್ನು ಯಾರೂ ತೆಕ್ಕೊಳ್ಳುವುದಿಲ್ಲ," ಎಂದ ಜೋಯ್ಸನ್.
ಮಾರುವಾಗ! ಇನ್ನೂ ಹಾಲು ಉಕ್ಕಿಸಿಲ್ಲ.

ತಿರುಗಣಿ ಮಾತ್ರ ಸ್ಟೀಲಿನದೇ, ಅದರಲ್ಲಿ ಚೌಕಾಸಿ ಮಾಡಲಿಲ್ಲ,
ಉಪ್ಪುಗಾಳಿ ಕಬ್ಬಿಣವನ್ನು ಚಕ್ಕುಲಿಯ ಹಾಗೆ ತಿನ್ನುವ ಊರು.
ಕಪಾಟಿನ ಬಣ್ಣಕ್ಕೆ ಮೂರು ವಾರ ಹಿಡಿಯಿತು.
ಕೊನೆಗೆ ಪುನರ್ಪುಳಿ ಶರಬತ್ತಿನದು; ಕೆಟಲಾಗಿನಲ್ಲಿ
ಅದಕ್ಕೆ ಬೇರೇನೋ ಹೆಸರು, ನನ್ನ ನಾಲಗೆ ಹೊರಳದ್ದು.
ಬಂಗುಡೆ ಉಜ್ಜಲು ಹಿಂದಿನ ಬಾಲ್ಕನಿಯಲ್ಲಿ ಒಂದು ನಳ್ಳಿ.
ಕಾಯಿ ಹೆರೆಯುವುದು ನೆಲದಲ್ಲೇ.
ಕೆಲವು ಕೆಲಸಕ್ಕೆ ನೆಲವೇ ಸರಿ.

ಒಕ್ಕಲಾದ ಮರುದಿನ, ಬೆಳಿಗ್ಗೆ ಐದು ಗಂಟೆ.
ಅಂಗಾಲು ಪೂರ್ತಿ ನೆಲಕ್ಕೆ ಊರಿ ಮುಚ್ಚಳ ತೆಗೆದೆ.
ಒಂದೊಂದು ಅಗುಳೂ ಕಾಣುತ್ತದೆ:
ಬೆಂದದ್ದು, ಬೇಯದ್ದು, ಹೊಟ್ಟೆ ಬಿರಿದದ್ದು.
ಆದರೂ ಬಲಗಾಲು, ನಾನು ಹೇಳದೆಯೇ,
ಹೊಸ ಟೈಲಿನ ಮೇಲೆ ಆಚೆ ಈಚೆ
ತಡಕುತ್ತಿತ್ತು ಮಣೆಗಾಗಿ.

ಅದು ಬಾಗಿಲ ಹತ್ತಿರ, ಚೀಲದಲ್ಲಿ.
ಏಳಕ್ಕೆ ವಕೀಲರ ಮನೆ ಮುಟ್ಟಬೇಕು.
ಅಲ್ಲಿ ಮೂವತ್ತನಾಲ್ಕು.