ಒರೆಸಿದ ನಾಲ್ಕು ಮಡಿಕೆ

ಅರಳೆಪೇಟೆಯ ನಮ್ಮ ಅಟ್ಟದಲ್ಲಿ, ಮುರಿದ ತಕ್ಕಡಿಯ ಹಿಂದೆ
ಮಡಿಸಿಟ್ಟ ಒಂದು ಕಡತ.
ಹುಣಸೆಬೀಜದ ಅಂಟು, ಇದ್ದಿಲ ಕಪ್ಪು,
ಮೇಲೆ ಬಳಪದ ಬಿಳಿ.
ಸೀನಿದರೆ ಅಳಿಸೀತೆಂದು
ಮೂಗು ಮುಚ್ಚಿ ಬಿಚ್ಚುತ್ತೇನೆ.

ಕರಣಿಕ ಸಿದ್ಧಮಲ್ಲಪ್ಪ, ನನ್ನಿಂದ ಎಂಟನೇ ತಲೆ.
ಕೋಟೆಯಿಂದ ಅಪ್ಪಣೆ ಬಂತು, ಹಡಗು ಹತ್ತಿದ.
ಮುಂದೆ ವಕೀಲ ಸಫ್ದರ್ ಸಾಹೇಬರು,
ಶಾಲು, ಶ್ರೀಗಂಧ, ಅರಗಿನ ಮುದ್ರೆಯ ಕಾಗದ;
ಎಲ್ಲದರ ಹಿಂದೆ ಇವನು,
ಲೆಕ್ಕ ಇಡಲು.

ಸಿಹಿನೀರು ದಿನಕ್ಕೆ ಎರಡು ಚೊಂಬು.
ಒಂದು ಲಿಂಗಕ್ಕೆ, ಒಂದು ಗಂಟಲಿಗೆ ಎಂದು ಬರೆದಿದ್ದಾನೆ.
ಬಾಯಾರಿಕೆಯನ್ನು ಯಾರ ಖರ್ಚಿಗೂ ಹಾಕಿಲ್ಲ.

ಪರಂಗಿ ಪಟ್ಟಣ ಸೇರಿದ ಮೇಲೆ:
ಸೌದೆಗೆ ಹನ್ನೊಂದು. ಮೇಣದ ಬತ್ತಿಗೆ ಆರು.
ನಮ್ಮನ್ನು ನೋಡಲು ಬಂದವರಿಗೆ ಅಡಿಕೆ,
ಎರಡೇ ದಿನಕ್ಕೆ ಖಾಲಿ.
ಚಿತ್ರ ಬರೆಯುವವನಿಗೆ ಇನಾಮು.
ಆ ಚಿತ್ರದಲ್ಲಿ ಸಾಹೇಬರ ಪೇಟ, ಕಠಾರಿ ಎಲ್ಲ ಇದೆಯಂತೆ,
ಅಂಚಿನಲ್ಲಿ ಯಾರದೋ ಮೊಣಕೈ.
ಅದು ನಮ್ಮದೇ ಎನ್ನುತ್ತಾಳೆ ಸೋದರತ್ತೆ, ನೋಡದೆಯೇ.

‘ರೊಟ್ಟಿಯಂಗಡಿ ಮುಂದೆ ಕತ್ತಲಲ್ಲೇ ಸಾಲು.
ಅರಮನೆಯೊಳಗೆ ಹಿಟ್ಟನ್ನು ತಲೆಗೆ ಬಳಿದುಕೊಳ್ಳುತ್ತಾರೆ.
ಸಾಹೇಬರಿಗೆ ತಿಳಿಸಿದೆ.
ನೀನು ಲೆಕ್ಕ ನೋಡು, ಅಂದರು.’

ಭೇಟಿ ಇಂದು ಇಲ್ಲ.
ಭೇಟಿ ನಾಳೆ.
ಭೇಟಿ ಅಮಾವಾಸ್ಯೆ ಕಳೆದು.

ಆಮೇಲಿನ ನಾಲ್ಕು ಮಡಿಕೆ ಒರೆಸಿಬಿಟ್ಟಿದ್ದಾರೆ.
ಯಾವ ಕಾಲದ ಯಾವ ಅಜ್ಜಿಯೋ
ಬರೆಯಲು ಜಾಗ ಬೇಕಾಗಿ, ಹಸಿ ಎಲೆ ತಿಕ್ಕಿ.
ದೊರೆ ಆಡಿದ ಮಾತು ಇರಬೇಕಾದಲ್ಲಿ
‘ಅರಳೆ ಮೂರು ಮಣ. ಗಿಡ್ಡಯ್ಯನಿಂದ ಬರತಕ್ಕದ್ದು.’

ಮತ್ತೆ ಅವನ ಕೈ, ಜಮಾ ಕಡೆಗೆ:
ಪಿಂಗಾಣಿ ತಟ್ಟೆ ಹದಿನೆಂಟು, ಒಡೆದದ್ದು ಐದು.
ಗಡಿಯಾರ ಒಂದು, ನಿಂತದ್ದು.
ನೋಡೋಣ ಎಂಬ ಮಾತು.

ಆ ಮಾತು ನನಗೆ ಗೊತ್ತು.
ಇದೇ ಮನೆಯ ಖಾತೆಗಾಗಿ ಪಾಲಿಕೆ ಕಚೇರಿಯ ಬೆಂಚಿನ ಮೇಲೆ
ಹದಿನಾಲ್ಕು ತಿಂಗಳು ಕೂತವಳು ನಾನು,
ಚಿತ್ರಾನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು.
ಆದರೂ ಒಂದೇ ಅಲ್ಲ.
ಅವರು ಸಮಸಮ ಎಂದುಕೊಂಡು ಹೋಗಿದ್ದರು.
ನಾನು ಹಾಗೆಂದುಕೊಂಡಿರಲಿಲ್ಲ.

ಕೊನೆಯ ಮಡಿಕೆ, ಕೆಳಗೆ, ಇರುವೆ ಸಾಲಿನಂಥ ಅಕ್ಷರ;
ಜಮಾ ಅಲ್ಲ, ಖರ್ಚೂ ಅಲ್ಲ:
‘ಮಗಳು ತರಹೇಳಿದ್ದಳು.
ಪರಂಗಿ ದೇಶದಲ್ಲಿ ಎಲ್ಲೂ ಪರಂಗಿ ಹಣ್ಣಿಲ್ಲ.
ಸಂತೆಯಲ್ಲಿ ಕೈಸನ್ನೆ ಮಾಡಿ ಕೇಳಿದೆ, ನಕ್ಕರು.
ಅವಳಿಗೆ ಏನೆಂದು ಹೇಳುವುದು?’