ರಜಾಚೀಟಿ

ಸಂಬಳದ ಶುಕ್ರವಾರ ದಾಟಿದ ಸೋಮವಾರ
ನನ್ನ ಮೇಜಿನ ಮೇಲೆ ಚೀಟಿಗಳ ಸುಗ್ಗಿ.
ಮಲೇರಿಯಾ. ಹಲ್ಲುನೋವು. ಮೆಟ್ಟಿಲಿಂದ ಬಿದ್ದೆ.
ಇನ್ನೊಬ್ಬಳೂ ಮೆಟ್ಟಿಲಿಂದಲೇ ಬಿದ್ದಳು.
ನಾನು ಲೆಕ್ಕದವಳು, ಕಾರಣ ಕೆದಕುವವಳಲ್ಲ;
ದಿನಕ್ಕಿಷ್ಟು ಕೀನಾ ಎಂದು ಕಳೆದು
ಕೆಳಗೆ ಗೆರೆ ಎಳೆದು
ಚಹಾಕ್ಕೆ ಏಳುತ್ತಿದ್ದೆ, ಹನ್ನೊಂದು ವರ್ಷ.

ಪೋರ್ಟ್ ಮೊರೆಸ್ಬಿಯ ಬಂದರಿಗೆ ಬೆನ್ನು ಹಾಕಿ ನಿಂತ
ಬಿಸ್ಕತ್ತಿನ ಕಾರ್ಖಾನೆ ನಮ್ಮದು.
ಹಲ್ಲಿಗೆ ಬಗ್ಗದ ಬಿಸ್ಕತ್ತು,
ಬಿಸಿ ಚಹಾದಲ್ಲಿ ಮುಳುಗಿಸಿದರೆ ಮಾತ್ರ ಮಾತು ಕೇಳುತ್ತದೆ.
ಪ್ಯಾಕಿಂಗ್ ಸಾಲಿನಲ್ಲಿ ನೂರಾ ನಲವತ್ತು ಹೆಂಗಸರು,
ಸಾಲಿನ ತುದಿಗೆ, ಎತ್ತರದ ಕುರ್ಚಿಯಲ್ಲಿ, ಒಬ್ಬ ಹಿತೊಲೊ.

ಗೇವಾಳ ತಾಯಿ ತೀರಿಕೊಂಡಾಗ
ಅಕ್ಕಿ ಸಕ್ಕರೆ ಹೊತ್ತು ಮೊರಾಟಕ್ಕೆ ಹೋದೆ.
ತಗಡಿನ ಮನೆ, ನೆಲಕ್ಕೆ ಅಂಟಿಕೊಂಡೇ ಇದೆ.
ಹೊಸ್ತಿಲು ದಾಟುವಾಗ ಸುಮ್ಮನೆ ಕಾಲಡಿ ನೋಡಿದೆ.
ಮೆಟ್ಟಿಲೇ ಇಲ್ಲ.
ಆರು ಸಲ ಬಿದ್ದಿದ್ದಳು ಆ ವರ್ಷ, ನನ್ನ ಪುಸ್ತಕದಲ್ಲಿ.

ಆಮೇಲೆ ಫಿಜಿಯಿಂದ ವಸೀತಿ ಬಂದಳು.
ಕಂಪನಿಯೇ ಕರೆಸಿತ್ತು. ಸಾಲ ಕೊಡುವ ಬ್ಯಾಂಕು
ಏನೋ ಕೇಳಿತ್ತಂತೆ.
ಮ್ಯಾನೇಜರು ಗೋಡೆ ತೋರಿಸಿದ, 'ಪೋಸ್ಟರು ಇಲ್ಲಿ ಅಂಟಿಸೋಣ.'
ಅವಳು ಗೋಡೆ ನೋಡಲಿಲ್ಲ, ದೂರಿನ ಪೆಟ್ಟಿಗೆ ಎಲ್ಲಿ ಅಂದಳು.
ಇತ್ತು, ಮೂರು ವರ್ಷದಿಂದ,
ಹಿತೊಲೊನ ಬಾಗಿಲ ಪಕ್ಕ, ಬೀಗದ ಕೈ ಅವನ ಸೊಂಟದಲ್ಲಿ.
ತೆಗೆದರೆ ಒಳಗೆ ಒಂದೇ ಕಾಗದ:
ಕ್ಯಾಂಟೀನಿನ ಮೀನಿಗೆ ಉಪ್ಪು ಜಾಸ್ತಿ.
'ನೋಡಿ, ನಮ್ಮಲ್ಲಿ ಅಂಥದ್ದೇನೂ ಇಲ್ಲ,' ಎಂದ ಮ್ಯಾನೇಜರು.
ಪಾಪ, ನಂಬಿಯೇ ಹೇಳಿದ.

ಅವಳು ನನ್ನ ಕಡೆ ತಿರುಗಿ, 'ರಜಾಚೀಟಿ ಇಟ್ಟಿದ್ದೀರಾ?'
ಇಟ್ಟಿದ್ದೆ. ಗೋಣಿದಾರ ಬಿಗಿದು, ವರ್ಷಕ್ಕೊಂದು ಕಟ್ಟು.
ಕೊಡುವ ಮುಂಚೆ ಹಳೆಯದೊಂದು ಕಟ್ಟು ಬಿಚ್ಚಿ
ಒಂದೇ ಒಂದು ಚೀಟಿ ಎಳೆದು
ನನ್ನ ಬಿಲುಮ್ ಚೀಲದೊಳಗೆ ತುರುಕಿದೆ.
'ಹಲ್ಲುನೋವು' ಎಂದಿತ್ತು ಅದರಲ್ಲಿ, ನನ್ನದೇ ಅಕ್ಷರ.
ನನ್ನ ಹಲ್ಲು ಈಗಲೂ ಮೂವತ್ತೆರಡು.

ಇಬ್ಬರೂ ಕೂತು ಮೂರು ರಾತ್ರಿ ಕೂಡಿದೆವು.
ಮನೆಯಲ್ಲಿ ತಿಂದ ಪೆಟ್ಟಿನ ದಿನ ಒಂದು ಕಡೆ,
ಸಾಲಿನಲ್ಲಿ ಸವರುವ ಕೈಗೆ ಹೆದರಿ ಬಾರದ ದಿನ ಇನ್ನೊಂದು ಕಡೆ,
ಬಿಟ್ಟು ಹೋದವಳ ಜಾಗಕ್ಕೆ ಬಂದವಳಿಗೆ
ಕೆಲಸ ಕಲಿಸಿದ ಗಂಟೆ, ಅವಳು ಒಡೆದ ಬಿಸ್ಕತ್ತು.
'ಮನೆಯ ಜಗಳ ಕಂಪನಿಗೆ ಯಾಕೆ?' ಎಂದಿದ್ದವನ ಮುಂದೆ
ಓದಿದೆ: ದೊಡ್ಡ ಒಲೆ ಹತ್ತೊಂಬತ್ತು ದಿನ ಆರಿದ್ದಕ್ಕೆ ಸಮ.
ಆಗ ಪೆನ್ನು ತೆಗೆದ.
ಮುರಿದ ಮಣಿಕಟ್ಟು ಅವನಿಗೆ ಕೇಳಿಸಿರಲಿಲ್ಲ,
ಆರಿದ ಒಲೆ ಕೇಳಿಸಿತು.
ನಾಚಿಕೆಯಾಯಿತು ನನಗೆ. ಓದುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಈಗ ಪೆಟ್ಟಿಗೆ ಹೆಂಗಸರ ಪಾಯಿಖಾನೆಯಲ್ಲಿದೆ,
ಬೀಗದ ಕೈ ಸಾಲಿನ ಮೂವರ ಬಳಿ.
ಮೊದಲ ತಿಂಗಳು ಬಿದ್ದದ್ದು ಒಂದು ಗುಂಡಿ,
ಅಂಗಿಯಿಂದ ಕಿತ್ತದ್ದು, ದಾರ ಸಮೇತ.
ಯಾರದೆಂದು ಯಾರೂ ಕೇಳಲಿಲ್ಲ.
ಎರಡನೆಯ ತಿಂಗಳು ಏಳು ಕಾಗದ, ಏಳರಲ್ಲೂ ಒಂದೇ ಹೆಸರು.
ಹಿತೊಲೊನನ್ನು ಗೋದಾಮಿಗೆ ಹಾಕಿದರು, ಸಂಬಳ ಅಷ್ಟೇ.
'ಇದಕ್ಕೆ ಗೆಲುವು ಅನ್ನಬೇಡ,' ಅಂದಳು ಗೇವಾ,
'ಕುರ್ಚಿ ಖಾಲಿಯಾಯಿತು. ನಾಳೆ ಯಾರು ಕೂರುತ್ತಾರೋ.'

ರಾತ್ರಿ ಪಾಳಿಯ ಬಸ್ಸು ಈಗ
ದೊಡ್ಡ ರಸ್ತೆಯಲ್ಲಿ ಇಳಿಸಿ ಓಡುವುದಿಲ್ಲ;
ಬಾಗಿಲವರೆಗೂ ಹೋಗಿ
ಒಳಗೆ ದೀಪ ಹತ್ತುವ ತನಕ ಗುರುಗುಟ್ಟುತ್ತ ನಿಲ್ಲುತ್ತದೆ.
ಒಂದು ರಾತ್ರಿ ಗೇವಾಳ ಮನೆಯ ದೀಪ ಹತ್ತಲಿಲ್ಲ.
ಹೊರಗೆ ಬಂದವಳು ಮತ್ತೆ ಬಸ್ಸು ಹತ್ತಿದಳು.
ಡ್ರೈವರು ಏನೂ ಕೇಳದೆ ಗೇರು ಬದಲಿಸಿದನಂತೆ.
ಮರುದಿನ ಅವಳ ಚೀಟಿ ಬಂತು, ಹತ್ತು ದಿನ.
'ಕಾರಣ' ಎಂಬಲ್ಲಿ ಖಾಲಿ.
ಹೊಸ ನಿಯಮದಲ್ಲಿ ಖಾಲಿ ಬಿಡಬಹುದು.
ಮೊಹರು ಒತ್ತಿದೆ, ಒಂದು ಕೀನಾವನ್ನೂ ಕಳೆಯಲಿಲ್ಲ.

ನನ್ನ ಚೀಟಿ ಇನ್ನೂ ಬಿಲುಮಿನ ತಳದಲ್ಲಿದೆ, ಚಿಲ್ಲರೆಯ ಜೊತೆ.
ಮ್ಯಾನೇಜರು ಚೌಕಟ್ಟು ಹಾಕಿಸಿ ತೂಗಿದ ಆ ಮೊತ್ತದಲ್ಲಿ
ಒಂದು ದಿನ ಕಡಿಮೆ.
ಲೆಕ್ಕದವಳಿಗೆ ಅದು ನಿದ್ದೆ ಕೊಡುತ್ತಿಲ್ಲ.